ಇಳಿಜಾರಿನ ಮನೆಗೆ ನೆಂಟರು ಬಂದಾಗ

ಕೇಳುಗರಿಗೆ ನಮಸ್ಕಾರ.

ಇಳಿಜಾರಿನ ಸೈಟು ಕೊಂಡವರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು, "ಇದನ್ನು ಮಟ್ಟ ಮಾಡಿಸೋಕೆ ಎಷ್ಟು ದಿನ ಬೇಕು?" ನಾನು ತಿರುಗಿ ಕೇಳುತ್ತೇನೆ, "ನಿಮ್ಮ ಮನೆಗೆ ಒಟ್ಟಿಗೆ ಎಷ್ಟು ಜನ ಬರ್ತಾರೆ?" ಎತ್ತಣಿಂದೆತ್ತ ಸಂಬಂಧ ಅಂತ ಅವರ ಮುಖದಲ್ಲೇ ಕಾಣುತ್ತದೆ. ಆದರೆ ಹತ್ತಾರು ಜನ ಸೇರುವ ಮನೆಯಲ್ಲಿ ನಿಜವಾಗಿ ಮಟ್ಟವಾಗಿರಬೇಕಾದದ್ದು ಆ ಜನ ಓಡಾಡುವ ಜಾಗ ಮಾತ್ರ. ಉಳಿದ ಕೋಣೆಗಳು ನೆಲದ ಜೊತೆಗೇ ಹತ್ತಲಿ, ಇಳಿಯಲಿ.

ಒಂದು ಲೆಕ್ಕ ನೋಡಿ. ಸೈಟಿನ ಉದ್ದ 50 ಅಡಿ, ಪ್ರತಿ 10 ಅಡಿಗೆ 1 ಅಡಿ ಇಳಿಜಾರು. ಮೇಲಿನ ತುದಿಗೂ ಕೆಳಗಿನ ತುದಿಗೂ 5 ಅಡಿ ವ್ಯತ್ಯಾಸ. ಒಂದು ಅಂತಸ್ತು 10 ಅಡಿ ಅಂದುಕೊಂಡರೆ ಇದು ಸರಿಯಾಗಿ ಅರ್ಧ ಅಂತಸ್ತು. ಹಾಗಾದರೆ ಇಳಿಜಾರಿನ ಮೇಲ್ಗಡೆ ಬರುವ ಭಾಗವನ್ನು ಅರ್ಧ ಅಂತಸ್ತು ಎತ್ತಿಬಿಡಿ. ನಡುವೆ 6 ಇಂಚಿನ 10 ಮೆಟ್ಟಿಲು. ಅಗೆಯುವ ಮಣ್ಣು ಬಹಳ ಕಡಿಮೆಯಾಗುತ್ತದೆ. ಜೆಸಿಬಿ ತಂದು ಮೇಲೆ ಕಡಿದು ಕೆಳಗೆ ತುಂಬಿದಿರೋ, ತುಂಬಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಿರುತ್ತದೆ. ಪಾಯ ಆ ಸಡಿಲ ಮಣ್ಣನ್ನು ದಾಟಿ ಮೂಲ ಗಟ್ಟಿ ನೆಲ ಮುಟ್ಟಲೇಬೇಕು. ತಡೆಗೋಡೆ ಬೇರೆ. ಅದರ ಹಿಂದೆ ಜಲ್ಲಿ ತುಂಬಿ, ಗೋಡೆಯಲ್ಲಿ ತೂತು ಬಿಡದಿದ್ದರೆ ಮಳೆನೀರು ಅಲ್ಲೇ ನಿಂತು ಗೋಡೆಯನ್ನು ನೂಕುತ್ತದೆ. ಮೇಲಿನಿಂದ ಹರಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸುವ ಚರಂಡಿಯನ್ನಂತೂ ಪಾಯಕ್ಕೂ ಮೊದಲೇ ತೋಡಿಸಿ.

ಇನ್ನು ನೆಂಟರ ಅಂತಸ್ತು. ಅದು ವಾಹನ ನಿಲ್ಲುವ ಮಟ್ಟಕ್ಕೆ ಆದಷ್ಟು ಹತ್ತಿರವಿರಲಿ. ಮೊಣಕಾಲು ನೋವಿನವರು, ಗಾಲಿಕುರ್ಚಿಯವರು ಬರುತ್ತಾರಲ್ಲ. "ಇಳಿಜಾರು ದಾರಿ ಮಾಡಿದರಾಯಿತು" ಅನ್ನುವುದು ಸುಲಭ. ಗಾಲಿಕುರ್ಚಿಗೆ 12 ಅಡಿಗೆ 1 ಅಡಿಗಿಂತ ಕಡಿದಾಗಿರಬಾರದು; ಆ ಲೆಕ್ಕದಲ್ಲಿ 5 ಅಡಿ ಏರಲು 60 ಅಡಿ ದಾರಿ ಬೇಕು. ನಮ್ಮ ಸೈಟೇ 50! ರಸ್ತೆ ಮೇಲ್ಗಡೆ ಇದ್ದರೆ ನೀವು ಅದೃಷ್ಟವಂತರು: ಪಡಸಾಲೆ, ಊಟದ ಕೋಣೆ, ಅಡುಗೆಮನೆ ಮೇಲೆ, ಮಲಗುವ ಕೋಣೆಗಳು ಕೆಳಗೆ. ರಸ್ತೆ ಕೆಳಗಿದ್ದರೆ ಮಾತ್ರ ಒದ್ದಾಟ. ನೋಟ ಚೆನ್ನಾಗಿದೆ ಅಂತ ಪಡಸಾಲೆಯನ್ನು ನೆತ್ತಿಗೇರಿಸಬೇಡಿ ಅನ್ನುವುದು ನನ್ನ ಹಟ. ನೋಟ ನಿಮಗೆ ದಿನವೂ ಸಿಗುತ್ತದೆ, ಮಲಗುವ ಕೋಣೆಯ ಕಿಟಕಿಯಿಂದಲೂ ಸಿಗುತ್ತದೆ. ಮತ್ತೆ, ನೆಂಟರ ಅಂತಸ್ತಿನಲ್ಲೇ ಒಂದು ಶೌಚಾಲಯ. ಇದನ್ನು ಮರೆತ ನಕ್ಷೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಹಾಗಾದರೆ ಜನ ಸೇರುವ ಕಡೆ ಮೆಟ್ಟಿಲೇ ಇರಬಾರದೇ? ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ 1930ರಲ್ಲಿ ಪ್ರಾಗ್ ನಗರದ ಒಂದು ಇಳಿಜಾರಿನಲ್ಲಿ ಮುಲ್ಲರ್ ಕುಟುಂಬದ ಮನೆ ಮುಗಿಸಿದ. ಅಲ್ಲಿ ಊಟದ ಕೋಣೆ ದೊಡ್ಡ ಪಡಸಾಲೆಗಿಂತ ಕೆಲವು ಮೆಟ್ಟಿಲು ಮೇಲಿದೆ, ನಡುವೆ ಗೋಡೆಯಿಲ್ಲ. ಊಟಕ್ಕೆ ಕೂತವರಿಗೆ ಕೆಳಗೆ ಹರಟುವವರು ಕಾಣುತ್ತಾರೆ. ಅಡುಗೆಮನೆ ಮಾತ್ರ ಊಟದ ಕೋಣೆಯ ಮಟ್ಟದಲ್ಲೇ ಇದೆ. ಜಾಣತನ ಇರುವುದು ಅಲ್ಲಿ. ಬರಿಗೈಯವರು ಮೆಟ್ಟಿಲು ಹತ್ತಬಹುದು, ಬಿಸಿ ಪಾತ್ರೆ ಹಿಡಿದವರು ಹತ್ತಬಾರದು. ಒಂಟಿ ಮೆಟ್ಟಿಲನ್ನಂತೂ ಎಲ್ಲೂ ಇಡಬೇಡಿ. ಮಾತಿನ ಭರದಲ್ಲಿ ಅದು ಕಣ್ಣಿಗೇ ಬೀಳದೆ ಎಡವಿಸುತ್ತದೆ. ಇಟ್ಟರೆ ಮೂರಾದರೂ ಇಡಿ. ಹೀಗೆ ತೆರೆದ ಮನೆಯಲ್ಲಿ ನಗು, ಪಾತ್ರೆಯ ಸದ್ದು ಎಲ್ಲ ಮೇಲಕ್ಕೇರುತ್ತದೆ, ಆದ್ದರಿಂದ ಮಕ್ಕಳು ಮಲಗುವ ಕಡೆಗೆ ಒಂದು ತಿರುವು, ಒಂದು ಬಾಗಿಲು ಇರಲಿ.

ಹೊರಗೆ ನಾಲ್ಕೂವರೆ ಅಡಿಯ ಒಂದೇ ತಡೆಗೋಡೆ ಕಟ್ಟುವ ಬದಲು 18 ಇಂಚಿನ ಮೂರು ಕಟ್ಟೆ ಮಾಡಿ. ಅದು ಕುರ್ಚಿಯ ಎತ್ತರ. ಮೂವತ್ತು ಜನ ಬಂದರೂ ಕೂರಲು ಜಾಗ ಹುಡುಕಬೇಕಿಲ್ಲ. ಪಕ್ಕದಲ್ಲಿ ಹತ್ತಿಳಿಯಲು ಸಣ್ಣ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ. ದೀಪವನ್ನು ಕಂಬದ ತುದಿಗೆ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. ಮೊಣಕಾಲಿಗಿಂತ ಕೆಳಗೆ, ಮೆಟ್ಟಿಲಿನ ಅಂಚು ಕಾಣುವ ಹಾಗೆ ಹಾಕಿಸಿ. ನೆಂಟರು ಹೊರಡುವುದು ಯಾವಾಗಲೂ ಕತ್ತಲಾದ ಮೇಲೆಯೇ.