ಕೊಡುವ ಕೈ, ಲೆಕ್ಕ ಹಾಕುವ ತಲೆ

(ತುಮಕೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಔದಾರ್ಯದ ಬಗ್ಗೆ ಮಾತನಾಡಲು ಕರೆದಿದ್ದೀರಿ. ನಾನು ಮುಯ್ಯಿಯಿಂದ ಶುರು ಮಾಡುತ್ತೇನೆ. ಧಾರೆ ಮುಗಿಯುವ ಹೊತ್ತಿಗೆ ಮಂಟಪದ ಪಕ್ಕ ಅಕ್ಷರ ದುಂಡಗಿರುವ ಒಬ್ಬರನ್ನು ಕೂರಿಸಿ ಕೈಗೆ ನೋಟ್‌ಬುಕ್ ಕೊಡುತ್ತಾರೆ. ಹೆಸರು, ಊರು, ಮೊತ್ತ. ತಿಪಟೂರಿನ ಸೋದರಮಾವ ಸಾವಿರದ ಒಂದು, ಗುಬ್ಬಿಯ ಭಾವ ಐನೂರ ಒಂದು. ಆ ಪುಸ್ತಕ ಜಮೀನಿನ ಪತ್ರಗಳ ಜೊತೆ ಬೀರು ಸೇರುತ್ತದೆ. ಗುಬ್ಬಿಯವರ ಮನೆಯಲ್ಲಿ ಶುಭಕಾರ್ಯವಾದಾಗ ಅದು ಹೊರಗೆ ಬರುತ್ತದೆ. ಐನೂರ ಒಂದಕ್ಕಿಂತ ಕಡಿಮೆ ಹಾಕಿದರೆ ಮಾನ ಹೋದಂತೆ.

ಇದು ವ್ಯಾಪಾರ, ಔದಾರ್ಯವಲ್ಲ ಎಂದು ತಳ್ಳಿಹಾಕಬೇಡಿ. ರಕ್ತಸಂಬಂಧವಿಲ್ಲದವರಿಗೂ ಜೀವಿಗಳು ಏಕೆ ನೆರವಾಗುತ್ತವೆ ಎಂಬುದಕ್ಕೆ 1971ರಲ್ಲಿ ರಾಬರ್ಟ್ ಟ್ರಿವರ್ಸ್ ಕೊಟ್ಟ ವಿವರಣೆ ಹೆಚ್ಚುಕಡಿಮೆ ಮುಯ್ಯಿಯದೇ. 1984ರಲ್ಲಿ ಜೆರಾಲ್ಡ್ ವಿಲ್ಕಿನ್ಸನ್ ಕೋಸ್ಟರಿಕಾದ ರಕ್ತ ಹೀರುವ ಬಾವಲಿಗಳಲ್ಲಿ ಇದನ್ನು ತೋರಿಸಿದರು. ಹಸಿದು ಮರಳಿದ ಬಾವಲಿಗೆ ಹೊಟ್ಟೆ ತುಂಬಿದ್ದು ತಾನು ಕುಡಿದ ರಕ್ತವನ್ನೇ ಕಕ್ಕಿ ಉಣಿಸುತ್ತದೆ. ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಸಾಯುವ ಪ್ರಾಣಿ ಅದು. ಹಿಂದೆ ತನಗೆ ಉಣಿಸಿದವುಗಳಿಗೆ ಉಣಿಸುವ ಒಲವು ಅದಕ್ಕೆ ಹೆಚ್ಚು. ನೋಟ್‌ಬುಕ್ ಒಂದಿಲ್ಲ, ಅಷ್ಟೇ.

ಮುಯ್ಯಿ ಪುಸ್ತಕ ತಿರುವಿ ನೋಡುವ ಅದೇ ಯಜಮಾನರು ಸಿದ್ಧಗಂಗೆಯ ದಾಸೋಹಕ್ಕೆ ರಾಗಿ ಮೂಟೆ, ತೆಂಗಿನಕಾಯಿ ಚೀಲ ಕಳುಹಿಸುತ್ತಾರೆ. ಯಾರ ಮಕ್ಕಳು ಉಂಡರು ಎಂದು ಮಾತ್ರ ಯಾವತ್ತೂ ಕೇಳುವುದಿಲ್ಲ. ಒಂದು ಕಡೆ ಪೈಸೆ ಪೈಸೆ ಲೆಕ್ಕ, ಇನ್ನೊಂದು ಕಡೆ ಲೆಕ್ಕದ ಯೋಚನೆಯೇ ಇಲ್ಲ. ತಲೆ ಯಾವಾಗ ಅಡ್ಡ ಬರುತ್ತದೆ, ಕೈ ಯಾವಾಗ ತಾನಾಗಿ ಮುಂದೆ ಹೋಗುತ್ತದೆ?

2012ರಲ್ಲಿ ಡೇವಿಡ್ ರ್ಯಾಂಡ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಒಂದು ಉತ್ತರ ಕೊಟ್ಟರು. ನಾಲ್ವರು ತಮ್ಮ ಹಣದಲ್ಲಿ ಇಷ್ಟ ಬಂದಷ್ಟನ್ನು ಒಂದು ಹುಂಡಿಗೆ ಹಾಕಬೇಕು. ಹುಂಡಿಯ ಹಣ ಎರಡರಷ್ಟಾಗಿ ನಾಲ್ವರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಏನೂ ಹಾಕದೆ ಪಾಲು ಪಡೆಯುವವನಿಗೇ ಲಾಭ. ಹತ್ತು ಸೆಕೆಂಡಿನ ಗಡುವು ಪಡೆದ ಗುಂಪಿನವರು ಹೆಚ್ಚು ಹಾಕಿದರು, ಯೋಚಿಸಲು ಬಿಟ್ಟ ಗುಂಪಿನವರು ಕೈ ಬಿಗಿ ಹಿಡಿದರು. ಮನುಷ್ಯ ಹುಟ್ಟಾ ಉದಾರಿ, ಬುದ್ಧಿ ಬಂದು ಕೆಡಿಸುತ್ತದೆ ಎಂದು ಪತ್ರಿಕೆಗಳು ಬರೆದವು. ನಮಗೂ ಕೇಳಲು ಹಿತವಾದ ಮಾತು.

2017ರಲ್ಲಿ ಇಪ್ಪತ್ತೊಂದು ಪ್ರಯೋಗಾಲಯಗಳು ಇದನ್ನೇ ಮತ್ತೆ ಮಾಡಿ ನೋಡಿದವು. ಎಲ್ಲರನ್ನೂ ಲೆಕ್ಕಕ್ಕೆ ಹಿಡಿದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಗಡುವು ಮೀರಿದವರನ್ನು ಕೈಬಿಟ್ಟರೆ ಮಾತ್ರ ಕಂಡಿತು. ಆದರೆ ಗಡುವು ಮೀರಿದವರು ಯಾರು? ನಿಧಾನಿಗಳು. ಅವರನ್ನು ಒಂದು ಗುಂಪಿನಿಂದ ಮಾತ್ರ ತೆಗೆದರೆ ಹೋಲಿಕೆಯೇ ಕೆಡುತ್ತದೆ.

ಅವಸರಕ್ಕೆ ಇನ್ನೊಂದು ಮುಖವೂ ಇದೆ. 1973ರಲ್ಲಿ ಪ್ರಕಟವಾದ ಡಾರ್ಲಿ ಮತ್ತು ಬ್ಯಾಟ್ಸನ್ ಅವರ ಪ್ರಯೋಗದಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನ ನಲವತ್ತು ದೇವಶಾಸ್ತ್ರ ವಿದ್ಯಾರ್ಥಿಗಳು ಪಕ್ಕದ ಕಟ್ಟಡಕ್ಕೆ ಹೋಗಿ ಮಾತನಾಡಬೇಕಿತ್ತು. ಕೆಲವರ ವಿಷಯವಂತೂ ದಾರಿಯಲ್ಲಿ ಬಿದ್ದವನನ್ನು ಉಪಚರಿಸಿದ ಬೈಬಲ್ಲಿನ ಸಮಾರ್ಯದವನ ಕಥೆಯೇ. ಹಾದಿಯಲ್ಲಿ ಒಬ್ಬ ಕೆಮ್ಮುತ್ತ, ನರಳುತ್ತ ಕುಸಿದು ಕೂತಿದ್ದ. ಸಾಕಷ್ಟು ಸಮಯವಿದ್ದವರಲ್ಲಿ ಶೇಕಡಾ 63 ಮಂದಿ ನೆರವಾದರು. ತಡವಾಯಿತು ಎಂದು ಅವಸರಪಡಿಸಿದವರಲ್ಲಿ ಶೇಕಡಾ 10 ಮಾತ್ರ. ನಾನು ಈ ಸಭೆಗೆ ಬರುವಾಗ ಹೇಗೆ ಬಂದೆ ಎಂದು ದಯವಿಟ್ಟು ಕೇಳಬೇಡಿ.

ಇನ್ನು ಲೆಕ್ಕದ ವಿಷಯ. 2007ರಲ್ಲಿ ಸ್ಮಾಲ್, ಲೋವೆನ್‌ಸ್ಟೈನ್, ಸ್ಲೋವಿಕ್ ಎಂಬವರು ಕೆಲವರಿಗೆ ಮಾಲಿ ದೇಶದ ರೋಕಿಯಾ ಎಂಬ ಹಸಿದ ಹುಡುಗಿಯ ವಿವರವನ್ನೂ, ಕೆಲವರಿಗೆ ಆಫ್ರಿಕಾದ ಹಸಿವಿನ ಅಂಕಿಅಂಶವನ್ನೂ ಕೊಟ್ಟು ದಾನ ಕೇಳಿದರು. ರೋಕಿಯಾಗೆ ಸಿಕ್ಕಿದ್ದು ಅಂಕಿಅಂಶಕ್ಕೆ ಸಿಕ್ಕಿದ್ದರ ಎರಡರಷ್ಟು. ಮೊದಲೇ ಲೆಕ್ಕ ಮಾಡುವ ಕೆಲಸ ಕೊಟ್ಟು ಆಮೇಲೆ ಕೇಳಿದರೆ ರೋಕಿಯಾಗೆ ಬರುವುದು ಇಳಿಯಿತು, ಉಳಿದ ಲಕ್ಷಾಂತರ ಮಂದಿಗೆ ಬರುವುದು ಏರಲಿಲ್ಲ. ನನಗೆ ಇಲ್ಲಿ ನಿಜಕ್ಕೂ ಬೇಸರ ತರಿಸುವುದು ಈ ಎರಡನೆಯ ಭಾಗ. ಯೋಚನೆ ಕನಿಕರವನ್ನು ಕುಗ್ಗಿಸಿತು, ಬೇರೆಡೆಗೆ ಹರಿಸಲಿಲ್ಲ.

ಮೆದುಳಿಗೆ ಬರೋಣ. ಊಟ, ಹಣ ಸಿಕ್ಕಾಗ ಚುರುಕಾಗುವ ಭಾಗಗಳೇ ದಾನ ಕೊಡುವಾಗಲೂ ಚುರುಕಾಗುತ್ತವೆ ಎಂದು 2006ರಲ್ಲಿ ಜೋರ್ಜಿ ಮೋಲ್ ತಂಡ ತೋರಿಸಿತು. ಅಪರಿಚಿತರಿಗೆ ಮೂತ್ರಪಿಂಡ ಕೊಟ್ಟವರನ್ನು 2014ರಲ್ಲಿ ಅಬಿಗೇಲ್ ಮಾರ್ಷ್ ಪರೀಕ್ಷಿಸಿದಾಗ ಅವರ ಬಲಗಡೆಯ ಅಮಿಗ್ಡಲ, ಅಂದರೆ ಮೆದುಳಿನಲ್ಲಿ ಭಯವನ್ನು ಗುರುತಿಸುವ ಭಾಗ, ಸರಾಸರಿಗಿಂತ ದೊಡ್ಡದಿತ್ತು, ಹೆದರಿದ ಮುಖ ಕಂಡಾಗ ಅದು ಹೆಚ್ಚು ಮಿಡಿಯುತ್ತಿತ್ತು. ಪರರ ಭಯ ಅವರಿಗೆ ಬೇಗ ತಟ್ಟುತ್ತದೆ. ಅದು ಹುಟ್ಟಿನಿಂದ ಬಂದದ್ದೋ ಬೆಳೆಯುತ್ತ ಬಂದದ್ದೋ, ಚಿತ್ರ ತೆಗೆದ ಯಂತ್ರ ಹೇಳಲಾರದು. ಸ್ವೀಡನ್ನಿನ ಅವಳಿಗಳ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನ ಕೊಡುವ ಗುಣದ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 20 ವಂಶವಾಹಿಗಳದ್ದು ಎಂದಿತು. ಆಕ್ಸಿಟೋಸಿನ್ ಎಂಬ ‘ಪ್ರೀತಿಯ ಹಾರ್ಮೋನ್’ ಮೂಗಿಗೆ ಸಿಂಪಡಿಸಿದರೆ ನಂಬಿಕೆ ಹೆಚ್ಚುತ್ತದೆ ಎಂಬ 2005ರ ಸುದ್ದಿಯನ್ನು ಮರೆತುಬಿಡಿ. 2020ರ ಮರುಪ್ರಯೋಗದಲ್ಲಿ ಅದು ನಿಲ್ಲಲಿಲ್ಲ.

ಹಾಗಾದರೆ ಉಳಿದ ಎಂಬತ್ತು? ರ್ಯಾಂಡ್ ಅವರ ಪ್ರಯೋಗ ಬಿದ್ದರೂ ಅವರ ವಿವರಣೆ ನನಗೆ ಒಪ್ಪಿಗೆ. ಥಟ್ಟನೆ ಹೊಳೆಯುವುದು ಹುಟ್ಟುಗುಣವೇ ಆಗಬೇಕಿಲ್ಲ, ದಿನದಿನದ ಬಾಳಿನಲ್ಲಿ ರೂಢಿಯಾದದ್ದೂ ಆಗಬಹುದು. ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನ ಇದನ್ನು ಎಂದೋ ಹೇಳಿದೆ. ‘ಕೆರೆಯಂ ಕಟ್ಟಿಸು ಬಾವಿಯಂ ಸವೆಸು’ ಎಂದು ತಾಯಿ ಮಗನ ಕಿವಿಗೆ ಎರೆದದ್ದು ಹಾಲೂಡಿಸುವಾಗ. ವಾದ ಮಾಡುವ ವಯಸ್ಸಿಗೆ ಮೊದಲೇ. ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೂ ಸಿದ್ಧಗಂಗೆಯಲ್ಲಿ ನಡೆದದ್ದೂ ಅದೇ. ಸಾವಿರಾರು ಮಕ್ಕಳು ದಾಸೋಹದಲ್ಲಿ ಉಂಡು ಬೆಳೆದರು. ಅವರಲ್ಲಿ ಕೊಡುವ ರೂಢಿ ಎಷ್ಟು ಉಳಿಯಿತೆಂದು ಯಾರಾದರೂ ಕ್ರಮವಾಗಿ ಅಧ್ಯಯನ ಮಾಡಬೇಕು. ಇಲ್ಲಿಯ ಮನಶ್ಶಾಸ್ತ್ರ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುತ್ತಿಲ್ಲ.

ತಲೆಯ ಪರವಾಗಿಯೂ ಒಂದು ಮಾತು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಹತ್ತಿರದ ಬಂಧುವಲ್ಲದವರು ಮೂತ್ರಪಿಂಡ ಕೊಡಲು ಮುಂದೆ ಬಂದರೆ ಸಮಿತಿಯೊಂದು ಅವರನ್ನು ವಿಚಾರಿಸಬೇಕು. ಹಣ ಕೈ ಬದಲಾಯಿಸಿದೆಯೇ, ಯಾರಾದರೂ ಒತ್ತಡ ಹಾಕಿದ್ದಾರೆಯೇ ಎಂದು ಕೇಳುತ್ತಾರೆ. ಉದಾರಿಗೆ ಇದು ಅವಮಾನ ಅನ್ನಿಸಬಹುದು. ಬಡವರ ಮೂತ್ರಪಿಂಡ ಕೊಂಡು ಮಾರುವವರಿರುವ ಕಡೆ ಈ ನಿಧಾನ ಬೇಕೇ ಬೇಕು. ರಕ್ತದಾನಕ್ಕೆ ಇಷ್ಟೆಲ್ಲ ರಗಳೆಯಿಲ್ಲ, ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

ಪ್ರಶ್ನೆಗಳಿದ್ದರೆ ಕೇಳಿ.