ಡಬ್ಬಿ ತಿರುಗಿಸಿ ನೋಡಿ

ಕೇಳುಗರಿಗೆ ನಮಸ್ಕಾರ.

ದಸರಾ ಸೇಲಿನ ಹೊತ್ತಲ್ಲಿ ದೇವರಾಜ ಅರಸು ರಸ್ತೆಯಲ್ಲೋ, ಮಂಡ್ಯದ ವಿ.ವಿ. ರಸ್ತೆಯಲ್ಲೋ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಟಿ.ವಿ.ಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲ್ ಬೆಲೆ ಕೇಳುವ ಅಪ್ಪ ಅಮ್ಮಂದಿರಿಗೆ ಈ ಮಾತು. ಅಂಗಡಿಯವರು ಎರಡು ಬೆಲೆ ಹೇಳುತ್ತಾರೆ. ಕಂಪನಿಯೇ ಭಾರತಕ್ಕೆಂದು ಕಳಿಸಿದ ಇಂಡಿಯಾ ಪೀಸಿಗೆ ಒಂದು, ಬೇರೆ ದೇಶದ ಮಾಲನ್ನು ಯಾರೋ ಇಲ್ಲಿಗೆ ತಂದ ಇಂಪೋರ್ಟೆಡ್ ಪೀಸಿಗೆ ಇನ್ನೊಂದು. "ಒಳಗಡೆ ಎರಡೂ ಒಂದೇ ಸಾರ್" ಎನ್ನುತ್ತಾರೆ. ಒಳಗಡೆ ಒಂದೇ ಇರಬಹುದು. ಕೆಟ್ಟಾಗ ಒಂದೇ ಅಲ್ಲ. ಪಂಪ್‌ಸೆಟ್ ಕೊಳ್ಳುವಾಗ ಸರ್ವಿಸ್ ಎಲ್ಲಿ ಸಿಗುತ್ತದೆ ಎಂದು ಮೊದಲು ಕೇಳುವ ನಾವು, ಅರ್ಧ ಲಕ್ಷದ ಆಟದ ಯಂತ್ರಕ್ಕೆ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಈ ಯಂತ್ರಕ್ಕೆ ನಮ್ಮ ದೇಶದಲ್ಲಿ ಹೊಣೆ ಯಾರು? ಇವತ್ತು ನಾನು ಹೇಳಬೇಕಾದದ್ದು ಇದೊಂದೇ.

ಕನ್ಸೋಲ್ ಕಂಪನಿಗಳು ಜಗತ್ತನ್ನು ಪ್ರಾಂತ್ಯಗಳಾಗಿ ಹಂಚಿಕೊಂಡು ವ್ಯಾಪಾರ ಮಾಡುತ್ತವೆ. ಸೋನಿ ಬಹಳ ಕಾಲ ಪ್ಲೇಸ್ಟೇಷನ್ ಎಂಬ ತನ್ನ ಕನ್ಸೋಲಿನ ವ್ಯವಹಾರವನ್ನು ಮೂರು ಪಾಲು ಮಾಡಿತ್ತು: ಜಪಾನ್, ಅಮೆರಿಕ, ಯುರೋಪ್. ಭಾರತ ಲಂಡನ್ ಕಚೇರಿಯ ಲೆಕ್ಕಕ್ಕೆ ಸೇರಿತ್ತು. 2016ರಲ್ಲಿ ಎಲ್ಲವನ್ನೂ ಒಂದೇ ಕಂಪನಿ ಮಾಡಿ ಕ್ಯಾಲಿಫೋರ್ನಿಯಾದಲ್ಲಿ ಕೇಂದ್ರ ಕಚೇರಿ ಇಟ್ಟರು. ಆದರೂ ಬೆಲೆ, ತೆರಿಗೆ, ಪರವಾನಗಿ, ಬಿಡಿಭಾಗ, ರಿಪೇರಿ ಎಲ್ಲವೂ ಇವತ್ತಿಗೂ ದೇಶದೇಶಕ್ಕೆ ಬೇರೆಯೇ. ಪಿಎಸ್ 5, ಅಂದರೆ ಐದನೆಯ ಪ್ಲೇಸ್ಟೇಷನ್, ಹೊರದೇಶಗಳಲ್ಲಿ ಬಂದದ್ದು 2020ರ ನವೆಂಬರಿನಲ್ಲಿ, ನಮ್ಮಲ್ಲಿಗೆ ಬಂದದ್ದು 2021ರ ಫೆಬ್ರುವರಿ 2ಕ್ಕೆ, 49,990 ರೂಪಾಯಿಗೆ. ಮಧ್ಯದ ಆ ಎರಡೂವರೆ ತಿಂಗಳು ಸೂಟ್‌ಕೇಸಿನಲ್ಲಿ ಬಂದ ಪೀಸುಗಳಿಗೆ ಸುಗ್ಗಿ.

ಅದಕ್ಕೇ ಡಬ್ಬಿ ತಿರುಗಿಸಿ ನೋಡಿ ಎನ್ನುವುದು. ಬಾರ್‌ಕೋಡ್ ಇರುವ ಪಕ್ಕದಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಪಿಎಸ್ 5 ಆದರೆ ಸಿಎಫ್‌ಐ ಎಂದು ಶುರುವಾಗಿ ನಾಲ್ಕು ಅಂಕಿ. ಕೊನೆಯ ಎರಡು ಅಂಕಿ ನೋಡಿ. 08 ಇದ್ದರೆ ನಮ್ಮ ಕಡೆಯ ಮಾಲು, ಉದಾಹರಣೆಗೆ ಸಿಎಫ್‌ಐ-2008. 15 ಅಮೆರಿಕದ್ದು, 16 ಯುರೋಪಿನದು, 00 ಜಪಾನಿನದು. ಆಮೇಲೆ ಬಿಳಿ ಸ್ಟಿಕ್ಕರ್ ಹುಡುಕಿ. ಆಮದು ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್ ಇರಲೇಬೇಕು. 2011ರ ಪೊಟ್ಟಣ ಸರಕುಗಳ ನಿಯಮ ಅದು, ಬಿಸ್ಕತ್ತಿಗೂ ಉಂಟು, ಕನ್ಸೋಲಿಗೂ ಉಂಟು. ಯಂತ್ರದ ಮೇಲೆ ಸರಕಿನ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಗುರುತು, ಅದರ ಜೊತೆ ಆರ್ ಅಕ್ಷರ ಆದ ಮೇಲೆ 8 ಅಂಕಿ ಇರಬೇಕು. 2012ರಲ್ಲಿ ಎಲೆಕ್ಟ್ರಾನಿಕ್ ಸರಕುಗಳಿಗೆ ಕಡ್ಡಾಯ ನೋಂದಣಿ ಆದೇಶ ಬಂದಾಗ ಮೊದಲ ಪಟ್ಟಿಯಲ್ಲೇ ವಿಡಿಯೊ ಗೇಮ್ ಇತ್ತು. ಆ ನಂಬರನ್ನು ಫೋನಿನ ಬಿಐಎಸ್ ಕೇರ್ ಆ್ಯಪಿಗೆ ಹಾಕಿದರೆ ಯಾರ ನೋಂದಣಿ ಎಂದು ತೋರಿಸುತ್ತದೆ. ಕಡೆಗೆ ಬಿಲ್ಲು. ಎಸ್ಟಿಮೇಟ್ ಚೀಟಿ ಬಿಲ್ಲಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡು ಡಬ್ಬಿಯ ನಂಬರಿನ ಜೊತೆ ಅಲ್ಲೇ ಕೌಂಟರಿನಲ್ಲೇ ತಾಳೆ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಇಷ್ಟೆಲ್ಲ ಯಾಕೆ? ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನಲ್ಲಿ ಹೆಬ್ಬೆರಳಿನಿಂದ ಆಡಿಸುವ ಕಡ್ಡಿಯನ್ನೇ ತೆಗೆದುಕೊಳ್ಳಿ. ಅದರ ಕೆಳಗೆ ಕಡ್ಡಿ ಎಷ್ಟು ವಾಲಿತು ಎಂದು ಅಳೆಯುವ ಪುಟ್ಟ ಪೊಟೆನ್ಶಿಯೊಮೀಟರ್ ಇರುತ್ತದೆ, ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಗೆ ಉಜ್ಜುತ್ತದೆ. ಪಟ್ಟಿ ಸವೆದರೆ ಮುಟ್ಟದೇ ಇದ್ದರೂ ಆಟದ ಗೊಂಬೆ ತನ್ನಷ್ಟಕ್ಕೆ ಒಂದು ಕಡೆಗೆ ನಡೆಯುತ್ತದೆ. ಡ್ರಿಫ್ಟ್ ಎನ್ನುತ್ತಾರೆ. ಇಲ್ಲಿನ ಮಾಲಾದರೆ ವರ್ಷದೊಳಗೆ ವಾರಂಟಿಯಲ್ಲಿ ಸರಿಯಾಗುತ್ತದೆ. ನ್ಯೂಜೆರ್ಸಿಯಿಂದ ಚಿಕ್ಕಪ್ಪ ತಂದದ್ದಾದರೆ ಆ ವಾರಂಟಿ ನ್ಯೂಜೆರ್ಸಿಯಲ್ಲೇ ಉಳಿಯಿತು.

ಪ್ರಾಂತ್ಯದ ಹೊಣೆ ಹೊರುವವರು ಗಟ್ಟಿಯಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಬ್ರೆಜಿಲ್ ಕಥೆ ಕೇಳಿ. ಈ ವ್ಯಾಪಾರದಲ್ಲಿ ಇದಕ್ಕಿಂತ ಸೊಗಸಾದ ಕಥೆ ಇನ್ನೊಂದಿಲ್ಲ. ಜಪಾನಿನ ಸೆಗಾ ಕಂಪನಿಯ ಮಾಸ್ಟರ್ ಸಿಸ್ಟಮ್ ಎಂಬ ಕನ್ಸೋಲ್ ಅಮೆರಿಕದಲ್ಲಿ ಜಪಾನಿನದೇ ಇನ್ನೊಂದು ಕಂಪನಿ ನಿಂಟೆಂಡೊ ಎದುರು ಸೋತು ಸುಣ್ಣವಾಗಿತ್ತು. ಬ್ರೆಜಿಲಿನಲ್ಲಿ ಆಮದು ಸುಂಕ ವಿಪರೀತ, ಹೊರಗಿನ ಯಂತ್ರ ತಂದು ಮಾರುವ ಮಾತೇ ಇಲ್ಲ. ಅಲ್ಲಿ 1987ರಲ್ಲಿ ಟೆಕ್‌ಟಾಯ್ ಎಂಬ ಕಂಪನಿ ಶುರುವಾಯಿತು. ಮೊದಲು ಸೆಗಾದ ಆಟಿಕೆ ಬಂದೂಕು ಮಾರಿ ನಂಬಿಕೆ ಗಳಿಸಿದರು, 1989ರಲ್ಲಿ ಮಾಸ್ಟರ್ ಸಿಸ್ಟಮ್ ತಂದರು. ತಂದರು ಎಂದರೆ ಹಡಗಿನಲ್ಲಿ ಅಲ್ಲ. ಅಮೆಜಾನ್ ಕಾಡಿನ ನಡುವೆ ಮನೌಸ್ ಎಂಬ ಊರಿದೆ, ತೆರಿಗೆ ರಿಯಾಯಿತಿಯ ಮುಕ್ತ ವಲಯ. ಅಲ್ಲೇ ಕಾರ್ಖಾನೆ ಹಾಕಿದರು. ಬ್ರೆಜಿಲಿನ ಆಗಿನ ಟಿ.ವಿ. ಪದ್ಧತಿ ಪಾಲ್-ಎಂ, ಅಮೆರಿಕದ್ದೂ ಅಲ್ಲ, ಯುರೋಪಿನದೂ ಅಲ್ಲ. ಹೊರಗಿನ ಯಂತ್ರವನ್ನು ಅದಕ್ಕೆ ಹಾಗೇ ಸಿಕ್ಕಿಸಿದರೆ ಬಣ್ಣ ಬರುತ್ತಿರಲಿಲ್ಲ, ಕಪ್ಪುಬಿಳುಪು. ಇವರು ಯಂತ್ರವನ್ನೇ ಅದಕ್ಕೆ ಹೊಂದಿಸಿ ಕಟ್ಟಿದರು.

ಅಷ್ಟಕ್ಕೇ ನಿಲ್ಲಲಿಲ್ಲ ನೋಡಿ. ಫ್ಯಾಂಟಸಿ ಸ್ಟಾರ್ ಎಂಬ ಉದ್ದನೆಯ ಕಥೆಯ ಆಟವನ್ನು ಪೋರ್ಚುಗೀಸ್ ಭಾಷೆಗೆ ತಂದರು. ಇಂಗ್ಲಿಷ್ ಬಾರದ ಹುಡುಗರೂ ಆಡಿದರು. ಬ್ರೆಜಿಲಿನ ಮನೆಮನೆಯಲ್ಲಿ ಮೋನಿಕಾ ಎಂಬ ಕಾಮಿಕ್ಸ್ ಹುಡುಗಿ ಇದ್ದಾಳೆ, ಕೈಯಲ್ಲೊಂದು ಬಟ್ಟೆಯ ಮೊಲ ಹಿಡಿದು ಪೋಕರಿ ಹುಡುಗರಿಗೆ ಬಾರಿಸುವವಳು. 1991ರಲ್ಲಿ ಒಂದು ಜಪಾನಿ ಆಟದೊಳಗಿನ ಕತ್ತಿವೀರನನ್ನು ತೆಗೆದು ಅವಳನ್ನು ಕೂರಿಸಿದರು. ಕತ್ತಿಯ ಜಾಗಕ್ಕೆ ಮೊಲ! ಸೆಗಾ ಕಂಪನಿಯೇ 2001ರಲ್ಲಿ ಕನ್ಸೋಲ್ ತಯಾರಿಕೆ ನಿಲ್ಲಿಸಿತು. ಬ್ರೆಜಿಲಿನಲ್ಲಿ ಮಾಸ್ಟರ್ ಸಿಸ್ಟಮ್ ನಿಲ್ಲಲಿಲ್ಲ, ರೂಪ ಬದಲಿಸಿಕೊಂಡು ಮಾರಾಟವಾಗುತ್ತಲೇ ಇತ್ತು. 2016ರ ಹೊತ್ತಿಗೆ ಅಲ್ಲಿ ಮಾರಾಟವಾದದ್ದು ಸುಮಾರು 80 ಲಕ್ಷ. ಯಂತ್ರ ಅದೇ, ಅಮೆರಿಕದಲ್ಲಿ ಸೋತದ್ದೇ. ಬ್ರೆಜಿಲಿನಲ್ಲಿ ಹೊಣೆ ಹೊತ್ತವರು ಇದ್ದರು, ಅಷ್ಟೇ ವ್ಯತ್ಯಾಸ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನಿಂಟೆಂಡೊ ಕಂಪನಿಯ ಸ್ವಿಚ್ ಎಂಬ ಕನ್ಸೋಲ್ ಬೇಕು ಎನ್ನುವ ಮಕ್ಕಳೂ ಇದ್ದಾರೆ. ಅದನ್ನು ನಿಂಟೆಂಡೊ ಭಾರತದಲ್ಲಿ ಬಿಡುಗಡೆಯನ್ನೇ ಮಾಡಲಿಲ್ಲ. ಇಲ್ಲಿ ಸಿಗುವುದು ಹೊರಗಿಂದ ತರಿಸಿದ ಮಾಲು. ಅಂಗಡಿಯವರು ಕೊಡುವ ವಾರಂಟಿ ಅಂಗಡಿ ಇರುವ ತನಕ. ಅದರ ಮುಂದಿನ ಯಂತ್ರ ಸ್ವಿಚ್ 2 ಆದರಂತೂ ಇನ್ನೂ ಹುಷಾರು. 2025ರ ಜೂನ್ 5ರಂದು ಜಪಾನಿನಲ್ಲಿ ಎರಡು ಬಗೆ ಬಿಟ್ಟರು. ಆಗ 49,980 ಯೆನ್ ಇದ್ದದ್ದು ಜಪಾನಿ ಭಾಷೆಯದು ಮಾತ್ರ, ಜಪಾನಿನ ಆನ್‌ಲೈನ್ ಖಾತೆಗೆ ಮಾತ್ರ. ಹಲವು ಭಾಷೆಯದಕ್ಕೆ ಆಗ 69,980. ಟೋಕಿಯೊದಲ್ಲಿರುವ ಭಾವ ಅಗ್ಗ ಸಿಕ್ಕಿತು ಎಂದು ತಂದರೆ ಕುವೆಂಪುನಗರದಲ್ಲಿ ಮೆನು ಓದಿ ಹೇಳುವವರು ಯಾರು?

ವಿದ್ಯುತ್ತು. ಪಿಎಸ್ 5, ಸ್ವಿಚ್ ಎರಡೂ 100ರಿಂದ 240 ವೋಲ್ಟಿನವರೆಗೆ ನಡೆಯುತ್ತವೆ, ಪ್ಲಗ್ ಬದಲಿಸಿದರೆ ಸಾಕು. ಅಮೆರಿಕದಿಂದ ಬಂದ ಮೈಕ್ರೋಸಾಫ್ಟಿನ ಹಳೆಯ ಕನ್ಸೋಲುಗಳಾದ ಎಕ್ಸ್‌ಬಾಕ್ಸ್ 360, ಎಕ್ಸ್‌ಬಾಕ್ಸ್ ಒನ್‌ಗಳ ಅಡಾಪ್ಟರ್ ಹಾಗಲ್ಲ. ಅದರ ಮೇಲೆ 100-127 ಎಂದಿದ್ದರೆ ನಮ್ಮ 230 ವೋಲ್ಟಿಗೆ ಹಾಕಬೇಡಿ, ಸುಟ್ಟುಹೋಗುತ್ತದೆ. 230 ವೋಲ್ಟಿನ ಅಡಾಪ್ಟರನ್ನೇ ಕೊಳ್ಳಿ.

ಇನ್ನು ಖಾತೆ, ಆಟ ಕೊಳ್ಳಲು ಕಂಪನಿಯ ಆನ್‌ಲೈನ್ ಅಂಗಡಿಯಲ್ಲಿ ತೆರೆಯುವುದು. ಆನ್ ಮಾಡಿದ ಕೂಡಲೇ ಯಂತ್ರ ದೇಶ ಕೇಳುತ್ತದೆ. ಮಗ ಅವಸರದಲ್ಲಿ ಮೇಲೆ ಕಂಡದ್ದನ್ನು ಒತ್ತಿಬಿಡುತ್ತಾನೆ. ಪ್ಲೇಸ್ಟೇಷನ್ ಖಾತೆಯ ದೇಶವನ್ನು ಆಮೇಲೆ ಬದಲಿಸಲು ಬರುವುದೇ ಇಲ್ಲ. ಅಮೆರಿಕದ ಖಾತೆಗೆ ನಮ್ಮ ಬ್ಯಾಂಕ್ ಕಾರ್ಡ್ ಒಗ್ಗುವುದಿಲ್ಲ, ರೂಪಾಯಿಯ ಗಿಫ್ಟ್ ಕಾರ್ಡ್ ಹತ್ತುವುದಿಲ್ಲ. ಅಮೆರಿಕದ ಡಿಸ್ಕಿಗೆ ಭಾರತದ ಖಾತೆಯಲ್ಲಿ ಕೊಂಡ ಆಟದ ಹೆಚ್ಚುವರಿ ಭಾಗ ಸಾಮಾನ್ಯವಾಗಿ ಕೂರುವುದಿಲ್ಲ, ದುಡ್ಡು ಹೋಗಿರುತ್ತದೆ. ಆ ಪರದೆ ಬಂದಾಗ ಕಂಟ್ರೋಲರ್ ನಿಮ್ಮ ಕೈಯಲ್ಲಿರಲಿ. ಭಾರತ ಎಂದು ಆರಿಸಿ, ನಿಮ್ಮ ಹೆಸರಿನಲ್ಲಿ ದೊಡ್ಡವರ ಖಾತೆ ಮೊದಲು ಮಾಡಿ, ಅದರ ಕೆಳಗೆ ಮಗುವಿನ ಖಾತೆ ಸೇರಿಸಿ. ಹುಟ್ಟಿದ ತಾರೀಖು ಸುಳ್ಳು ಹಾಕಬೇಡಿ. ನಮಸ್ಕಾರ.