ಪಸ್ಕದ ಕುರಿಮರಿ ಮತ್ತು ಶಿಲುಬೆ

ಕೇಳುಗರಿಗೆ ನಮಸ್ಕಾರ. ಯೇಸುವಿನ ಕಡೆಯ ಊಟವನ್ನು ನೆನೆಯುವ ಪವಿತ್ರ ಗುರುವಾರದ ಸಂಜೆ ಕ್ಯಾಥೊಲಿಕ್ ಚರ್ಚುಗಳಲ್ಲಿ ಮೊದಲ ವಾಚನ ಯೇಸುವಿನ ಕುರಿತದ್ದಲ್ಲ, ಬೈಬಲಿನ ವಿಮೋಚನಕಾಂಡದ 12ನೆಯ ಅಧ್ಯಾಯದ್ದು. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಜೀತಕ್ಕೆ ಬಿದ್ದು, ಮಣ್ಣಿಗೆ ಬೆರೆಸುವ ಹುಲ್ಲು ಕೊಡದಿದ್ದರೂ ಅಷ್ಟೇ ಇಟ್ಟಿಗೆ ಒಪ್ಪಿಸಬೇಕೆಂದು ಏಟು ತಿಂದ ಇಸ್ರಾಯೇಲ್ಯರಿಗೆ ಬಿಡುಗಡೆಯಾದ ರಾತ್ರಿಯ ವೃತ್ತಾಂತ ಅದು. ಆ ರಾತ್ರಿಯನ್ನು ನೆನೆಯುವ ಹಬ್ಬವೇ ಪಸ್ಕ.

ತಿಂಗಳ 10ನೆಯ ದಿನ ಕುಂದಿಲ್ಲದ, ಒಂದು ವರ್ಷದ ಗಂಡು ಮರಿಯನ್ನು ಆರಿಸಿಕೊಳ್ಳಬೇಕು. ಕೊಯ್ಯುವುದು 14ರ ಸಂಜೆ. ಅಲ್ಲಿಯವರೆಗೂ ಅದು ಮಕ್ಕಳ ಕಣ್ಣೆದುರೇ ಓಡಾಡಿಕೊಂಡಿರುತ್ತದೆ. ಹಿಸ್ಸೋಪ್ ಗಿಡದ ಕಟ್ಟನ್ನು ಅದರ ರಕ್ತದಲ್ಲಿ ಅದ್ದಿ ಬಾಗಿಲಿನ ಎರಡು ನಿಲುವುಗಳಿಗೂ ಮೇಲಿನ ಪಟ್ಟಿಗೂ ಹಚ್ಚಬೇಕು. ಚೊಚ್ಚಲು ಮಕ್ಕಳು ಸಾಯುವ ಆ ರಾತ್ರಿ, ರಕ್ತ ಕಂಡ ಮನೆಯನ್ನು ಸಂಹಾರಕನು ದಾಟಿ ಹೋಗುತ್ತಾನೆ. ಸುಟ್ಟ ಮಾಂಸವನ್ನು ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪಿನೊಂದಿಗೆ ಉಣ್ಣಬೇಕು. ಅದೂ ನಡು ಕಟ್ಟಿ, ಕೆರ ಮೆಟ್ಟಿ, ಕೋಲು ಹಿಡಿದು, ಅವಸರ ಅವಸರವಾಗಿ. ಮರಿಯ ಒಂದು ಎಲುಬನ್ನೂ ಮುರಿಯಬಾರದು.

ಯೇಸುವಿನ ಬಾಳನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಯೋಹಾನನ ಸುವಾರ್ತೆಯಲ್ಲಿ ಈ ವಿವರಗಳೇ ಶಿಲುಬೆಯ ಬುಡದಲ್ಲಿ ಮತ್ತೆ ಎದುರಾಗುತ್ತವೆ. ಹುಳಿರಸದಲ್ಲಿ ಅದ್ದಿದ ಸ್ಪಂಜನ್ನು ಯೇಸುವಿನ ಬಾಯಿಗೆ ಹಿಡಿದದ್ದು ಹಿಸ್ಸೋಪಿನ ಕೋಲಿನಿಂದ. ಪಕ್ಕದ ಇಬ್ಬರ ಕಾಲುಗಳನ್ನು ಮುರಿದ ಸೈನಿಕರು ಆತನ ಕಾಲನ್ನು ಮುರಿಯಲಿಲ್ಲ. ರೋಮನ್ ಅಧಿಪತಿ ಪಿಲಾತನು ಆತನನ್ನು ಶಿಲುಬೆಗೆ ಒಪ್ಪಿಸಿಕೊಟ್ಟದ್ದು ಪಸ್ಕದ ಸಿದ್ಧತೆಯ ದಿನ, ದೇವಾಲಯದಲ್ಲಿ ಮರಿಗಳನ್ನು ವಧಿಸುವ ದಿನ. ಉಳಿದ ಮೂರು ಸುವಾರ್ತೆಗಳ ಮತ್ತಾಯ, ಮಾರ್ಕ, ಲೂಕರ ಲೆಕ್ಕ ಬೇರೆ. ಅವರಲ್ಲಿ ಕಡೆಯ ರಾತ್ರಿಯ ಊಟವೇ ಪಸ್ಕದ ಊಟ. ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ, ಆದರೆ ನನಗೆ ಎರಡೂ ಬೇಕು. ಒಂದರಲ್ಲಿ ಯೇಸು ಪಸ್ಕದ ರೊಟ್ಟಿಯನ್ನು ಮುರಿದು ಕೊಡುತ್ತಾನೆ, ಇನ್ನೊಂದರಲ್ಲಿ ತಾನೇ ಮರಿಯಾಗುತ್ತಾನೆ. ಕ್ರಿಸ್ತನೇ ನಮ್ಮ ಪಸ್ಕದ ಕುರಿಮರಿ ಎಂದು ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ.

ಕೇರಳದ ಸಂತ ತೋಮಸರ ಪರಂಪರೆಯ ಕ್ರೈಸ್ತರು ಪಸ್ಕದ ಊಟವನ್ನು ಮನೆಯಲ್ಲೇ ಉಳಿಸಿಕೊಂಡಿದ್ದಾರೆ. ಅಲ್ಲಿಂದ ಬಂದು ಬೆಳ್ತಂಗಡಿಯ ಸುತ್ತ ನೆಲೆಸಿದವರೂ ಅದೇ ಪರಂಪರೆಯವರು. ಗುರುವಾರ ರಾತ್ರಿ ಅಕ್ಕಿ, ಉದ್ದಿನ ಹಿಟ್ಟನ್ನು ಹುಳಿ ಬರಿಸದೆ ಬೇಯಿಸಿ ಪೆಸಹಾ ಅಪ್ಪ ಮಾಡುತ್ತಾರೆ. ಮೇಲೆ ಗರಿಗಳ ಭಾನುವಾರ ತಂದ ಗರಿಯ ಪುಟ್ಟ ಶಿಲುಬೆ. ಪ್ರಾರ್ಥನೆ ಮುಗಿದ ಮೇಲೆ ಮನೆಯ ಹಿರಿಯರು ಅದನ್ನು ಕೊಯ್ದು, ಬೆಲ್ಲ ಹಾಕಿದ ತೆಂಗಿನಹಾಲಿನೊಂದಿಗೆ ಎಲ್ಲರಿಗೂ ಹಂಚುತ್ತಾರೆ. ಆ ವರ್ಷ ಸಾವು ಕಂಡ ಮನೆಯಲ್ಲಿ ಅಪ್ಪ ಬೇಯಿಸುವುದಿಲ್ಲ, ನೆರೆಯವರು ತಂದುಕೊಡುತ್ತಾರೆ.

ಆದರೂ ನಾವು ಕ್ರೈಸ್ತರು ಈ ಹಬ್ಬದಲ್ಲಿ ಮುಖ್ಯವಾದ ಒಂದನ್ನು ಬಿಟ್ಟುಬಿಡುತ್ತೇವೆ ಎಂಬ ನೋವು ನನ್ನದು. ಪಾಪದಿಂದ ಬಿಡುಗಡೆ ಎಂದು ಬೋಧಿಸುತ್ತೇವೆ, ನಿಜ. ಆದರೆ ದೇವರು ಮೊದಲು ಕಿವಿಗೊಟ್ಟದ್ದು ಇಟ್ಟಿಗೆ ತುಳಿಯುತ್ತಿದ್ದವರ ಗೋಳಿಗೆ. 1976ರ ಜೀತ ನಿಷೇಧ ಕಾಯಿದೆಯ ಇಷ್ಟು ವರ್ಷಗಳ ಮೇಲೂ ನಮ್ಮ ನಾಡಿನ ಇಟ್ಟಿಗೆಗೂಡುಗಳಿಂದ ಜೀತದಾಳುಗಳನ್ನು ಬಿಡಿಸಿದ ಸುದ್ದಿ ಬರುತ್ತದೆ. ಪಸ್ಕವನ್ನು ಆಚರಿಸುವವನಿಗೆ ಅದು ಪರರ ಸುದ್ದಿಯಾಗಲಾರದು.

ಇನ್ನೊಂದು ಮಾತು. ಈ ಹಬ್ಬ ಯೆಹೂದ್ಯರದ್ದು, ಅವರ ಮನೆಗಳಲ್ಲಿ ಇಂದಿಗೂ ನಡೆಯುತ್ತಿರುವಂಥದ್ದು. ಯೇಸು ಯೆಹೂದ್ಯನಾಗಿಯೇ ಆ ಊಟಕ್ಕೆ ಕುಳಿತ. ಅದನ್ನು ಮರೆತ ಯುರೋಪಿನ ಕ್ರೈಸ್ತರು ಶತಮಾನಗಳ ಕಾಲ, ಇದೇ ದಿನಗಳಲ್ಲಿ, ಯೆಹೂದ್ಯರ ಮೇಲೆ ಸುಳ್ಳು ಆಪಾದನೆ ಹೊರಿಸಿ ಹಲ್ಲೆ ನಡೆಸಿದರು. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದು ಎಂದು ಕ್ಯಾಥೊಲಿಕ್ ಬಿಷಪರ ಎರಡನೆಯ ವ್ಯಾಟಿಕನ್ ಮಹಾಸಭೆ ಘೋಷಿಸಿದ್ದು 1965ರಲ್ಲಿ. ಬಹಳ ತಡವಾಯಿತು, ಆದರೂ ಆ ಮಾತು ಬಂದದ್ದಕ್ಕೆ ನಾನು ಕೃತಜ್ಞ. ನಮಸ್ಕಾರ.